ಶಿಷ್ಟ ಕನ್ನಡ, ಪರಿಶಿಷ್ಟ ನಾಲಿಗೆ

ಟೀವಿ ಧಾರಾವಾಹಿಯ ನಟನೊಬ್ಬ ತನ್ನ ಮನೆಮಾತಿನ ವರಸೆ ಬಿಟ್ಟು ಬೇರೆಯದೇ ಕನ್ನಡ ಆಡಿದರೆ ಅದರಲ್ಲೇನು ಜಾತಿ ಬಂತು, ಅದು ನಟನೆ ತಾನೆ, ಅಂತ ಕೇಳುವವರಿದ್ದಾರೆ. ನಿಜ, ಪಾತ್ರಕ್ಕೆ ತಕ್ಕಂತೆ ನಾಲಿಗೆ ಹೊರಳಿಸುವುದು ನಟನ ಕಸುಬು. ಆದರೆ ಯಾರು, ಯಾವ ಪಾತ್ರಕ್ಕಾಗಿ, ಯಾವ ಕಡೆಗೆ ಹೊರಳಿಸುತ್ತಾರೆ ಅನ್ನೋದನ್ನ ಗಮನಿಸಿದರೆ ಕಸುಬಿನ ಹಿಂದೆ ನಿಂತಿರುವ ಸಮಾಜ ಕಾಣಿಸತೊಡಗುತ್ತದೆ.

1981ರಲ್ಲಿ ಬೆಂಗಳೂರು ದೂರದರ್ಶನ ಶುರುವಾಯಿತು. 1994ರಲ್ಲಿ ಉದಯ ಟೀವಿ ಬಂತು. ಆಮೇಲೆ ಚಾನೆಲ್ಲುಗಳ ಸಾಲೇ ಬಂತು. ಇಷ್ಟು ವರ್ಷಗಳ ಧಾರಾವಾಹಿಗಳಲ್ಲಿ ನಾಯಕ, ನಾಯಕಿ, ಲಾಯರು, ಡಾಕ್ಟರು, ದೊಡ್ಡಮನೆಯ ಅತ್ತೆ ಬಹುಪಾಲು ಆಡಿದ್ದು ಬೆಂಗಳೂರು-ಮೈಸೂರಿನ ಓದಿದ ಮನೆಗಳ ಕನ್ನಡವನ್ನು. ‘ಹಳ್ಳಿ ಭಾಷೆ’ ಅನ್ನೋದು ಕೆಲಸದವಳಿಗೆ, ವಾಚ್‌ಮನ್‌ಗೆ, ರೌಡಿಯ ಹಿಂಬಾಲಕನಿಗೆ, ನಗಿಸುವವನಿಗೆ ಮೀಸಲು. ಕೊಳ್ಳೇಗಾಲದ ಕೇರಿಯಿಂದ ಬಂದ ಹುಡುಗ ನಾಯಕನಾಗಬೇಕಾದರೆ ತನ್ನ ನಾಲಿಗೆಯನ್ನು ತೊಳೆದುಕೊಳ್ಳಬೇಕು. ಬೆಂಗಳೂರಿನ ಬಡಾವಣೆಯ ನಟ ಎರಡು ದೃಶ್ಯಕ್ಕೆ ‘ಆಲು’, ‘ಅಣ್ಣು’ ಅಂದು ನಗಿಸಿದರೆ ಸಾಕು, ಎಂಥಾ ಪ್ರತಿಭೆ ಅಂತಾರೆ. ಒಬ್ಬನ ಬದಲಾವಣೆಗೆ ‘ತಿದ್ದಿಕೊಳ್ಳೋದು’ ಅಂತ ಹೆಸರು, ಇನ್ನೊಬ್ಬನದಕ್ಕೆ ‘ಕಲೆ’ ಅಂತ ಹೆಸರು.

ಈ ‘ಆಲು’ ನಿಜಕ್ಕೂ ತಪ್ಪೇ? ಹಳಗನ್ನಡದ ‘ಪಾಲ್’ ನಡುಗನ್ನಡಕ್ಕೆ ಬರುವಾಗ ‘ಹಾಲು’ ಆಯಿತು, ‘ಪುಲಿ’ ‘ಹುಲಿ’ ಆಯಿತು. ಅದನ್ನು ನಾವು ತರಗತಿಯಲ್ಲಿ ಭಾಷೆಯ ಬೆಳವಣಿಗೆ ಅಂತ ಪಾಠ ಮಾಡುತ್ತೇವೆ. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ಹಾಲು’ ‘ಆಲು’ ಆದರೆ ಮಾತ್ರ ಅನಾಗರಿಕ! ಪಂಡಿತರ ಬಾಯಲ್ಲಿ ಬದಲಾದದ್ದು ವ್ಯಾಕರಣ, ದುಡಿಯುವವರ ಬಾಯಲ್ಲಿ ಬದಲಾದದ್ದು ಅಪಭ್ರಂಶ. ನನ್ನ ವಿದ್ಯಾರ್ಥಿಗಳು ಕಾಲೇಜಿನ ನಾಟಕಕ್ಕೆ ನಿಂತಾಗಲೆಲ್ಲ ಕೇಳಿಸಿಕೊಳ್ಳುವ ಮೊದಲ ಮಾತು ‘ಹಕಾರ ಸರಿಮಾಡ್ಕೊ’ ಅನ್ನೋದು. ದನಿ, ನಡಿಗೆ, ಕಣ್ಣು ಎಲ್ಲ ಅದರ ನಂತರ.

ಮಾತಿನಲ್ಲಿ ಜಾತಿ ಇದೆ ಅನ್ನೋದು ನಮ್ಮ ಸಿಟ್ಟಿನ ಕಲ್ಪನೆಯೇನಲ್ಲ. 1960ರಲ್ಲೇ ವಿಲಿಯಂ ಮೆಕಾರ್ಮಕ್ ಧಾರವಾಡದ ಕನ್ನಡವನ್ನು ಅಭ್ಯಾಸ ಮಾಡಿ ಬ್ರಾಹ್ಮಣ, ಬ್ರಾಹ್ಮಣೇತರ, ಹರಿಜನ ಎಂದು ಮೂರು ಸಾಮಾಜಿಕ ಉಪಭಾಷೆಗಳನ್ನು ಗುರುತಿಸಿದ್ದರು. ಟೀವಿ ಇಂಥವುಗಳಲ್ಲಿ ಒಂದನ್ನು ಆರಿಸಿಕೊಂಡು, ಅದಕ್ಕೆ ವರಸೆಯೇ ಇಲ್ಲವೆಂಬಂತೆ ನಡೆದುಕೊಳ್ಳುತ್ತದೆ. ಯಾರ ಮನೆಮಾತು ‘ಭಾಷೆ’ ಅಂತಲೇ ಚಲಾವಣೆಯಾಗುತ್ತದೋ ಅವರು ಏನನ್ನೂ ಬದಲಾಯಿಸಬೇಕಿಲ್ಲ. ಉಳಿದವರ ಬಾಯಲ್ಲಿ ಮಾತ್ರ ‘ಸೊಗಡು’ ಕೇಳಿಸುತ್ತದೆ.

ಇದಕ್ಕೆ ಚಾನೆಲ್ಲುಗಳ ಉತ್ತರ ಗೊತ್ತಿರುವುದೇ: ಎಲ್ಲಾ ಜಿಲ್ಲೆಯವರಿಗೂ ಅರ್ಥವಾಗಬೇಕು, ಟಿಆರ್‌ಪಿ ಬರಬೇಕು. 2020ರಲ್ಲಿ ಕಲರ್ಸ್ ಕನ್ನಡದ ‘ಗಿಣಿರಾಮ’ ಉತ್ತರ ಕರ್ನಾಟಕದ ಮಾತನ್ನೇ ಕತೆಯ ಮಾತಾಗಿಸಿಕೊಂಡು ಬಂತು. ಹಾಗೆ ಬರುವುದು ಸಾಧ್ಯವಿದ್ದರೆ, ಅರ್ಥವಾಗೋದಿಲ್ಲ ಅನ್ನೋ ನೆಪ ಎಷ್ಟು ದಿನ ನಿಂತೀತು? ಆದರೆ ಅಲ್ಲಿ ತೆರೆದದ್ದು ಪ್ರದೇಶದ ಬಾಗಿಲು. ಕೇರಿಯ ಮಾತಿಗೆ ಆ ಬಾಗಿಲು ಇನ್ನೂ ತೆರೆದಿಲ್ಲ. ಸಾಹಿತ್ಯದಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲೇ ಆ ಕಡೆಯ ಕನ್ನಡಕ್ಕೆ ಇಡೀ ಒಂದು ಲೋಕವನ್ನು ಹೊರುವ ಕಸುವಿದೆಯೆಂದು ತೋರಿಸಿಕೊಟ್ಟಿತು. ಟೀವಿಗೆ ಆ ಸುದ್ದಿ ಮುಟ್ಟಿದಂತಿಲ್ಲ.

ಹಾಗಂತ ದಲಿತ ವಿಮರ್ಶೆ ಇನ್ನೊಂದು ಬಲೆಗೆ ಬೀಳಬಾರದು. ದಲಿತ ಪಾತ್ರವೆಂದರೆ ಸೊಗಡಿನ ಮಾತನ್ನೇ ಆಡಬೇಕು, ಇಲ್ಲದಿದ್ದರೆ ಅದು ನಕಲಿ ಅಂತ ನಾವೇ ತೀರ್ಪು ಕೊಟ್ಟರೆ, ಕೆಲಸದವನ ಪಾತ್ರಕ್ಕೆ ನಮ್ಮ ಹುಡುಗರನ್ನು ಹುಡುಕುವ ನಿರ್ದೇಶಕನಿಗೂ ನಮಗೂ ಏನು ವ್ಯತ್ಯಾಸ? ‘ಕುಸುಮಬಾಲೆ’ಯ ಸೀಮೆಗೆ ದೂರವಲ್ಲದ ಗಾಜನೂರಿನ ರಾಜ್‌ಕುಮಾರ್ ಹೆಚ್ಚು ಓದಿದವರಲ್ಲ. ಗುಬ್ಬಿ ಕಂಪನಿಯ ರಂಗದ ಮೇಲೆ ನಾಲಿಗೆ ಪಳಗಿಸಿಕೊಂಡು 1977ರ ‘ಬಭ್ರುವಾಹನ’ದಲ್ಲಿ ಪಂಡಿತರೂ ತಲೆದೂಗುವಂತೆ ಮಾತಾಡಿದರು. ಅಂದರೆ ಶಿಷ್ಟ ಕನ್ನಡ ಯಾರಪ್ಪನ ಆಸ್ತಿಯೂ ಅಲ್ಲ. ದುಡಿಯುವವರ ಮನೆಯ ನಾಲಿಗೆ ಅದನ್ನು ಗೆದ್ದುಕೊಳ್ಳಬಲ್ಲದು.

ಇನ್ನೂ ಕಷ್ಟದ ಉದಾಹರಣೆ ‘ಮಹಾನಾಯಕ’. 2020ರ ಮಾರ್ಚಿನಲ್ಲಿ ಲಾಕ್‌ಡೌನ್‌ನಿಂದ ಚಿತ್ರೀಕರಣಗಳು ನಿಂತ ಮೇಲೆ ಡಬ್ಬಿಂಗ್ ಧಾರಾವಾಹಿಗಳು ಸಾಲುಗಟ್ಟಿದವು. ಅಂಬೇಡ್ಕರರ ಬದುಕಿನ ಹಿಂದಿ ಧಾರಾವಾಹಿ ಜುಲೈನಲ್ಲಿ ಜೀ ಕನ್ನಡಕ್ಕೆ ಬಂತು. ಮರಾಠಿ ಆಡುತ್ತಿದ್ದ ಮಹಾರ್ ಮನೆ ಮೊದಲು ಹಿಂದಿ ಆಡಿತು, ಆಮೇಲೆ ಟೀವಿಯ ಶಿಷ್ಟ ಕನ್ನಡ ಆಡಿತು. ವರಸೆಯ ದೃಷ್ಟಿಯಿಂದ ನೋಡಿದರೆ ಎರಡೆರಡು ಸಲ ಅಳಿಸಿದ ಮಾತು ಅದು. ಆದರೂ ಊರೂರಲ್ಲಿ ನಮ್ಮ ಜನ ಆ ಧಾರಾವಾಹಿಯ ಬ್ಯಾನರ್ ಕಟ್ಟಿದರು. ಯಾಕೆ? ಅದುವರೆಗೆ ಟೀವಿಯಲ್ಲಿ ಯಾವ ಕನ್ನಡ ನಮ್ಮನ್ನು ಗದರಿಸುತ್ತಿತ್ತೋ, ಅದೇ ಕನ್ನಡದಲ್ಲಿ ಒಬ್ಬ ದಲಿತ ಹುಡುಗ ಎದುರುತ್ತರ ಕೊಡುತ್ತಿದ್ದ. ಆ ಸಂತೋಷವನ್ನು ‘ಅಸಹಜ’ ಅಂತ ತಳ್ಳಿಹಾಕುವ ವಿಮರ್ಶೆ ನನಗೆ ಬೇಡ. 1920ರಲ್ಲಿ ‘ಮೂಕನಾಯಕ’ ಪತ್ರಿಕೆಯನ್ನು ಮರಾಠಿಯಲ್ಲಿ ತಂದ ಅಂಬೇಡ್ಕರ್ ಜಾತಿವಿನಾಶದ ವಾದವನ್ನು ಇಂಗ್ಲಿಷಿನಲ್ಲಿ ಬರೆದರು. ಎರಡೂ ಅವರವೇ ನಾಲಿಗೆ.

ಹೀಗಾಗಿ ನಟ ಮಾತಿನ ವರಸೆ ಬದಲಿಸಬಾರದು ಅನ್ನೋದು ನಮ್ಮ ಬೇಡಿಕೆಯಾಗಲಾರದು. ಆಯ್ಕೆ ಅವನದಾಗಿರಬೇಕು. ಕೇರಿಯ ನಟ ಜಡ್ಜಿನ ಪಾತ್ರದಲ್ಲಿ ಶಿಷ್ಟ ಕನ್ನಡ ಆಡಲಿ, ಹಾಗೆಯೇ ‘ಆಲು’ ಅನ್ನೋ ಜಡ್ಜೂ ತೆರೆಯ ಮೇಲೆ ಬರಲಿ, ಬಂದಾಗ ಹಿನ್ನೆಲೆಯಲ್ಲಿ ನಗೆಯ ಸಂಗೀತ ಬಾರದಿರಲಿ. ಧಾರಾವಾಹಿ ನೋಡುವಾಗ ನಮ್ಮ ಓದುಗರು ಕೇಳಬೇಕಾದ ಪ್ರಶ್ನೆಗಳು ಸರಳ: ಇಲ್ಲಿ ಯಾರು ನಾಲಿಗೆ ಬದಲಿಸಿಕೊಂಡರು? ಯಾರು ಬದಲಿಸಲೇ ಬೇಕಾಗಲಿಲ್ಲ? ಈ ಮಾತು ಬರೆದವರ ಕೋಣೆಯಲ್ಲಿ ನಮ್ಮ ಕೇರಿಯಿಂದ ಯಾರಾದರೂ ಕೂತಿದ್ದರೋ? ಈ ಮೂರನೆಯ ಪ್ರಶ್ನೆಗೆ ಹೌದು ಅನ್ನುವ ಉತ್ತರ ಬಾರದೆ ಮೊದಲ ಎರಡರ ಉತ್ತರ ಬದಲಾಗುವುದಿಲ್ಲ.