ಹಾಲಿ ಸಿಕ್ಕಾ: ಬೆಲೆ, ಮೌಲ್ಯ ಮತ್ತು ವರ್ತಕಧರ್ಮ

ಹಳೆಯ ನಾಣ್ಯಗಳ ಕ್ರಯವಿಕ್ರಯವು ಕೆಲವೇ ಸಂಗ್ರಾಹಕರ ಹವ್ಯಾಸವಾಗಿದ್ದ ಕಾಲ ಕಳೆಯಿತು. ಇಂದು ಅಂತರ್ಜಾಲದ ಮಾರುಕಟ್ಟೆಯೂ ಮಹಾನಗರಗಳ ಹರಾಜು ಸಂಸ್ಥೆಗಳೂ ಸಾಮಾನ್ಯ ಗೃಹಸ್ಥನ ಪೆಟ್ಟಿಗೆಯವರೆಗೆ ಕೈಚಾಚಿವೆ. ಬಸವಕಲ್ಯಾಣ ಮತ್ತು ಹುಮನಾಬಾದಿನ ಮನೆತನಗಳಿಗೂ ಮಂದಿರಗಳ ವಿಶ್ವಸ್ತ ಮಂಡಳಿಗಳಿಗೂ ಈ ವಿಷಯ ದೂರದ್ದಲ್ಲ. ಆದುದರಿಂದ ಈ ವ್ಯಾಪಾರದ ಗುಣದೋಷಗಳನ್ನು ಶಾಂತಚಿತ್ತದಿಂದ ವಿವೇಚಿಸುವುದು ಅವಶ್ಯವಾಗಿದೆ.

ಈ ಪ್ರದೇಶವು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದಾಗ ಇಲ್ಲಿ ನಿಜಾಮರ ‘ಹಾಲಿ ಸಿಕ್ಕಾ’ ಚಲಾವಣೆಯಲ್ಲಿತ್ತು. ಬ್ರಿಟಿಷ್ ಆಳ್ವಿಕೆಯ ಸೊಲ್ಲಾಪುರದ ಕಡೆಗೆ ವ್ಯವಹಾರವಿದ್ದ ವರ್ತಕನಿಗೆ ಹಾಲಿಯ ಲೆಕ್ಕವೂ ಕಲ್ದಾರ್ ರೂಪಾಯಿಯ ಲೆಕ್ಕವೂ ಬೇಕಾಗುತ್ತಿತ್ತು. 1950ರಲ್ಲಿ ಭಾರತದ ರೂಪಾಯಿ ಇಲ್ಲಿಗೆ ಬಂದಾಗ ಏಳು ಹಾಲಿ ರೂಪಾಯಿಗೆ ಆರು ಭಾರತೀಯ ರೂಪಾಯಿ ಎಂಬ ದರವಿತ್ತು. 1959ರಲ್ಲಿ ಹಾಲಿ ನಾಣ್ಯದ ಮಾನ್ಯತೆ ಪೂರ್ಣವಾಗಿ ರದ್ದಾಯಿತು. ಬದಲಾಯಿಸದೆ ಉಳಿದ ನಾಣ್ಯಗಳು ಪೆಟ್ಟಿಗೆಗಳಲ್ಲಿ, ದೇವರ ಕೋಣೆಗಳಲ್ಲಿ, ಬಸದಿಯ ಭಂಡಾರಗಳಲ್ಲಿ ನಿಂತುಹೋದವು.

ಚಾರ್‌ಮಿನಾರ್ ಮುದ್ರೆಯ ರೂಪಾಯಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ತೂಕ 11 ಗ್ರಾಂಗಿಂತ ತುಸು ಹೆಚ್ಚು. ಮಹಬೂಬ್ ಅಲಿ ಖಾನರ ಕಾಲದ ನಾಣ್ಯದಲ್ಲಿ ಬೆಳ್ಳಿಯ ಅಂಶ ಶೇಕಡಾ 82ರ ಸಮೀಪ. ಚಾರ್‌ಮಿನಾರಿನ ದ್ವಾರದಲ್ಲಿ ‘ಮೀಮ್’ ಅಕ್ಷರವಿದ್ದರೆ ಅದು ಮಹಬೂಬ್ ಅಲಿ ಖಾನರದು. ‘ಐನ್’ ಇದ್ದರೆ 1911ರಲ್ಲಿ ಪಟ್ಟವೇರಿದ ಉಸ್ಮಾನ್ ಅಲಿ ಖಾನರದು. ಇಷ್ಟನ್ನು ಅರಿಯದ ಗೃಹಸ್ಥನು ಎರಡು ರೀತಿಯಲ್ಲಿ ವಂಚಿತನಾಗುತ್ತಾನೆ. ಒಬ್ಬನು ಅದನ್ನು ಕೇವಲ ಬೆಳ್ಳಿಯೆಂದು ತೂಗಿ ಕೊಟ್ಟುಬಿಡುತ್ತಾನೆ. ಮತ್ತೊಬ್ಬನು ಅದರಿಂದ ಲಕ್ಷಾಧೀಶನಾಗುವ ಕನಸು ಕಾಣುತ್ತಾನೆ.

ಹರಾಜು ಪದ್ಧತಿಯ ಗುಣವನ್ನು ಮೊದಲು ಹೇಳಬೇಕು. ಉತ್ತಮ ಹರಾಜು ಸೂಚಿಯಲ್ಲಿ ಲೋಹ, ತೂಕ, ಟಂಕಸಾಲೆ, ವರ್ಷ ಹಾಗೂ ಎರಡೂ ಮುಖಗಳ ಚಿತ್ರ ಇರುತ್ತವೆ. ಬೆಲೆಯು ಹಲವರ ಸಮ್ಮುಖದಲ್ಲಿ ನಿರ್ಣಯವಾಗುತ್ತದೆ. ದೋಷವಿರುವುದು ಅದರ ವಿಶೇಷಣಗಳಲ್ಲಿ. ‘ಅಪರೂಪ’, ‘ಅತ್ಯಂತ ಅಪರೂಪ’ ಎಂಬ ಮಾತುಗಳಿಗೆ ಯಾವ ತಕ್ಕಡಿಯೂ ಇಲ್ಲ. ಕೂಗಿನ ಕೊನೆಯ ಬೆಲೆಯೇ ಮಾರಿದವನ ಕೈಸೇರುವ ಹಣವೂ ಅಲ್ಲ. ಕೊಳ್ಳುವವನು ಅದರ ಮೇಲೆ ಶುಲ್ಕ ತೆರುತ್ತಾನೆ, ಮಾರುವವನಿಂದ ದಲ್ಲಾಳಿ ಕಳೆಯುತ್ತದೆ. ಮಾರುವವನ ಕಡೆಯವರೇ ಸುಳ್ಳು ಕೂಗು ಕೂಗಿ ಬೆಲೆ ಏರಿಸಿದರಂತೂ ಅದು ಹರಾಜಲ್ಲ, ನಾಟಕ.

ಅಂತರ್ಜಾಲದ ಜಾಹೀರಾತುಗಳದು ಇನ್ನೂ ಕೆಳಗಿನ ಮಟ್ಟ. ಅಲ್ಲಿ ಕಾಣುವುದು ಕೇಳಿದ ಬೆಲೆ, ಕೊಟ್ಟ ಬೆಲೆಯಲ್ಲ. ಭಗವಾನ್ ಮಹಾವೀರರ 2600ನೆಯ ಜನ್ಮಕಲ್ಯಾಣಕದ ನೆನಪಿಗೆ 2001ರಲ್ಲಿ ಹೊರಟ ಐದು ರೂಪಾಯಿಯ ನಾಣ್ಯವು ಶ್ರದ್ಧೆಯಿಂದ ಇರಿಸಿಕೊಳ್ಳತಕ್ಕದ್ದೇ ಹೊರತು ಸಂಪತ್ತಿನ ಬೀಜವಲ್ಲ. ರಾಮ, ಹನುಮಂತರ ಚಿತ್ರವುಳ್ಳ 1818ರ ‘ಈಸ್ಟ್ ಇಂಡಿಯಾ ಕಂಪನಿ ನಾಣ್ಯ’ವಂತೂ ಕಂಪನಿಯು ಎಂದೂ ಹೊರಡಿಸದ ಕಲ್ಪಿತ ವಸ್ತು. ಹಳೆಯ ನಾಣ್ಯ ಕೊಳ್ಳುವುದಾಗಿ ನಂಬಿಸಿ, ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಮುಂಗಡ ಶುಲ್ಕ ಕೀಳುವವರ ವಿಷಯದಲ್ಲಿ ಆ ಬ್ಯಾಂಕೇ 2021ರ ಆಗಸ್ಟಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಕೊಳ್ಳುವವನು ಹಣ ಕೊಡಬೇಕು; ಮಾರುವವನಿಂದಲೇ ಮುಂಗಡ ಕೇಳುವವನು ಗಿರಾಕಿಯಲ್ಲ.

ಈ ವ್ಯವಹಾರವನ್ನು ಅಳೆಯಲು ಶ್ರಾವಕನಿಗೆ ಹೊಸ ಅಳತೆಗೋಲು ಬೇಕಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳು ಇಲ್ಲಿಗೆ ಒಂದೊಂದಾಗಿ ಅನ್ವಯಿಸುತ್ತವೆ. ಹಳೆಯ ಗೋಡೆ, ಬಾವಿಗಳನ್ನು ಅಗೆಯುವವನಿಗೆ ‘ಸಿಕ್ಕಿದ್ದನ್ನು ತಾ’ ಎಂದು ಆಸೆ ತೋರುವುದು ಸ್ತೇನಪ್ರಯೋಗ. ತಂದುದನ್ನು ಮೂಲ ವಿಚಾರಿಸದೆ ಕೊಳ್ಳುವುದು ತದಾಹೃತಾದಾನ. ಕಲ್ಯಾಣದ ಚಾಲುಕ್ಯರ ರಾಜಧಾನಿಯಾಗಿದ್ದ ನೆಲದಲ್ಲಿ ಈ ಪ್ರಲೋಭನೆ ಸಣ್ಣದಲ್ಲ. ಹತ್ತು ರೂಪಾಯಿಗೆ ಮೀರಿದ ನಿಧಿ ದೊರೆತರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ 1878ರ ಕಾನೂನನ್ನು ಮರೆಯುವುದು ವಿರುದ್ಧರಾಜ್ಯಾತಿಕ್ರಮ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪ್ರಾಚ್ಯವಸ್ತುವೇ. ಖಾಸಗಿ ವ್ಯಕ್ತಿ ಅದನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ, ಅದರ ವ್ಯಾಪಾರವನ್ನೇ ವೃತ್ತಿಯಾಗಿಸಿಕೊಂಡವನಿಗೆ ಪರವಾನಗಿ ಬೇಕು. ಉಸ್ಮಾನ್ ಅಲಿ ಖಾನರ ಆರಂಭದ ವರ್ಷಗಳ ರೂಪಾಯಿಗಳು ಈಗಾಗಲೇ ಈ ಗಡಿಯನ್ನು ದಾಟಿವೆ. ವರ್ಷ ಕಳೆದಂತೆ ಇನ್ನಷ್ಟು ದಾಟಲಿವೆ. ನೆನ್ನೆ ಅಂಚೆಯಲ್ಲಿ ಹೋಗಬಹುದಾಗಿದ್ದುದು ಇಂದು ಹೋಗುವಂತಿಲ್ಲ. ತೂಕದಲ್ಲಿ ಮೋಸ ಮಾಡುವುದು ಹೀನಾಧಿಕಮಾನೋನ್ಮಾನ. ಎರಕದ ನಕಲನ್ನು ಅಸಲೆಂದು ದಾಟಿಸುವುದು ಪ್ರತಿರೂಪಕವ್ಯವಹಾರ.

ಸೂತ್ರದ ಪಟ್ಟಿಗೆ ನೇರವಾಗಿ ಸಿಗದ ಒಂದು ಸೂಕ್ಷ್ಮ ಪ್ರಶ್ನೆ ಉಳಿಯುತ್ತದೆ. ವಿಧವೆಯೊಬ್ಬಳು ತಂದ ನಾಣ್ಯವು ಬೆಳ್ಳಿಯ ಬೆಲೆಯ ಹತ್ತರಷ್ಟು ಬಾಳುತ್ತದೆಂದು ವರ್ತಕನಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ತೂಕ ಸರಿಯಾಗಿದೆ, ಬೆಳ್ಳಿಯ ದರವೂ ಸರಿಯಾಗಿದೆ, ಸುಳ್ಳನ್ನೂ ಆಡಿಲ್ಲ. ಜ್ಞಾನಕ್ಕೆ ಲಾಭ ಸಲ್ಲಬೇಕೆಂಬ ವಾದವನ್ನು ಪೂರ್ತಿ ತಳ್ಳಿಹಾಕಲಾಗದು. ಕಲಿಯಲು ಅವನೂ ಶ್ರಮಪಟ್ಟಿದ್ದಾನೆ. ಆದರೆ ಶ್ರಮಕ್ಕೆ ನ್ಯಾಯವಾದ ಲಾಭ ಬೇರೆ, ಎದುರಿನವರ ಅಜ್ಞಾನಕ್ಕೆ ಬೆಲೆ ಕಟ್ಟುವುದು ಬೇರೆ. ‘ಇದನ್ನು ತೂಕಕ್ಕೆ ಕೊಡಬೇಡಿ’ ಎಂಬ ಒಂದು ಮಾತು ಹೇಳಿದ ಮೇಲೂ ಯೋಗ್ಯ ಲಾಭಕ್ಕೆ ಸ್ಥಳವಿರುತ್ತದೆ. ಆ ಮಾತನ್ನು ನುಂಗಿದವನ ಲೆಕ್ಕದ ಪುಸ್ತಕ ಶುದ್ಧವಾಗಿರಬಹುದು, ವ್ರತ ಶುದ್ಧವಾಗಿರದು.

ವಿಶ್ವಸ್ತ ಮಂಡಳಿಗಳಿಗೆ ಹೊಣೆ ಇನ್ನೂ ಹೆಚ್ಚು. ಭಂಡಾರದ ಹಳೆಯ ನಾಣ್ಯವು ಯಾರೋ ದಾನಿ ಹೆಸರು ಬಯಸದೆ ಅರ್ಪಿಸಿದ್ದು. ಅದನ್ನು ಹುಣಸೆಹಣ್ಣಿನಿಂದ ಉಜ್ಜಿ ಬೆಳಗುವುದು, ಲೆಕ್ಕವಿಲ್ಲದೆ ಕರಗಿಸುವುದು ಎರಡೂ ಅವಿವೇಕ. ಮೊದಲು ಒಂದೊಂದನ್ನೂ ತೂಗಿ, ಛಾಯಾಚಿತ್ರದೊಡನೆ ದಾಖಲೆ ಮಾಡಬೇಕು. ಮಾರುವುದು ಅನಿವಾರ್ಯವಾದರೆ ಸಭೆಯ ಠರಾವಿನಿಂದ, ಒಬ್ಬರಿಗಿಂತ ಹೆಚ್ಚು ಜನ ತಜ್ಞರ ಅಂದಾಜು ಪಡೆದು ಮಾರಬೇಕು. ವಿಶ್ವಸ್ತರಾಗಲಿ ಅವರ ಬಂಧುಗಳಾಗಲಿ ಕೊಳ್ಳಕೂಡದು. ಪ್ರತಿ ಬಗೆಯ ಒಂದೊಂದು ನಾಣ್ಯವನ್ನಾದರೂ ಉಳಿಸಿಕೊಂಡರೆ ಮುಂದಿನ ಪೀಳಿಗೆಗೆ ಈ ನಾಡಿನ ಎರಡು ಲೆಕ್ಕಗಳ ಕಾಲ ಕಣ್ಣಿಗೆ ಕಾಣುತ್ತದೆ. ಹಾಲಿ ಸಿಕ್ಕಾ ಚಲಾವಣೆ ಕಳೆದುಕೊಂಡಿದೆ. ಅದನ್ನು ಕೊಡುವ, ಕೊಳ್ಳುವ ಕೈಗಳ ಪ್ರಾಮಾಣಿಕತೆ ಚಲಾವಣೆ ಕಳೆದುಕೊಳ್ಳಬಾರದು.