ಚೋಮನನ್ನು ಕೇಳಿದವರಾರು?

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕಾದಂಬರಿಯನ್ನು ನಾನು ಅನೇಕ ವರ್ಷ ಪಾಠ ಹೇಳಿದ್ದೇನೆ. ಪ್ರತಿ ಸಲವೂ ಚೋಮನಿಗಾಗಿ ಮರುಗಿದ್ದೇನೆ. ಒಮ್ಮೆ ವಿದ್ಯಾರ್ಥಿಯೊಬ್ಬ ಎದ್ದು, “ಅವನು ಕೇಳಿದ್ದು ಮರುಕವನ್ನಲ್ಲವಲ್ಲ, ಸಾರ್?” ಎಂದ. ನಾನು ನಿರುತ್ತರನಾದೆ.

ನಿಜ. ಚೋಮ ಕೇಳಿದ್ದು ಉಳಲು ತುಂಡು ನೆಲ. ಅವನಲ್ಲಿ ಎತ್ತುಗಳಿದ್ದವು, ಅಸ್ಪೃಶ್ಯನಾದುದರಿಂದ ಬೇಸಾಯದ ಹಕ್ಕು ಮಾತ್ರ ಇರಲಿಲ್ಲ. ಧಣಿ ಸಂಕಪ್ಪಯ್ಯನಿಗೆ ಕನಿಕರವಿತ್ತು. ತಾಯಿಯ ಮಾತನ್ನು ಮೀರುವ ಧೈರ್ಯವಿರಲಿಲ್ಲ. ಪಾದ್ರಿಗಳು ನೆಲ ಕೊಡಲು ಸಿದ್ಧರಿದ್ದರು. ಅದಕ್ಕೆ ಅವನು ತೆರಬೇಕಾದ ಬೆಲೆ ಅವನ ದೈವ. ಮತಾಂತರಕ್ಕೆಂದು ಹೊರಟವನನ್ನು ಪಂಜುರ್ಲಿಯ ನೆನಪು ಹಿಂದಕ್ಕೆಳೆಯಿತು. ಇವರಾರೂ ದುಷ್ಟರಲ್ಲ. ಆದರೆ ಚೋಮನಿಗೆ ಯಾವುದು ಹಿತವೆಂಬುದನ್ನು ಅವನನ್ನು ಬಿಟ್ಟು ಎಲ್ಲರೂ ನಿರ್ಧರಿಸಿದರು. ಓದುಗನಾಗಿ ನಾನು ಮಾಡಿದ್ದೂ ಅದನ್ನೇ.

ಕಾರಂತರ ಹೆಚ್ಚುಗಾರಿಕೆ ಇಲ್ಲಿದೆ. ಮೇಲುಜಾತಿಯಲ್ಲಿ ಹುಟ್ಟಿದ ಅವರು ಚೋಮನ ಬಾಯಲ್ಲಿ ತಮ್ಮ ಉಪದೇಶವನ್ನು ತುರುಕಲಿಲ್ಲ. ಎತ್ತುಗಳನ್ನು ಅಟ್ಟಿ, ಬಾಗಿಲಿಕ್ಕಿಕೊಂಡು ಅವನು ಕೊನೆಯುಸಿರಿನವರೆಗೂ ಬಾರಿಸುವ ದುಡಿಗೇ ಮಾತು ಬಿಟ್ಟುಕೊಟ್ಟರು.

ಉದ್ಧಾರಕ್ಕೆ ಹೊರಡುವ ನಾವು ಮೊದಲು ಕಿವಿಗೊಡಬೇಕಾದದ್ದು ಆ ದುಡಿಗೆ. ಈಗ ನಾನು ಮರುಕದಿಂದ ಪಾಠ ಆರಂಭಿಸುವುದಿಲ್ಲ. ಅದು ಏನು ನುಡಿಯುತ್ತದೆಂದು ಹುಡುಗರನ್ನೇ ಕೇಳಿ, ಕೂತು ಕೇಳುತ್ತೇನೆ.