ಶಿಕ್ಷಕರ ಪಾಠ, ಗಡಿಯ ಮಕ್ಕಳು

ಪಠ್ಯಪುಸ್ತಕ ಬೆಂಗಳೂರಿನಿಂದ ಬರಬಹುದು, ಆದರೆ ಪಾಠ ತರಗತಿಯಲ್ಲೇ ರೂಪುಗೊಳ್ಳಬೇಕು. ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಯೋಜನೆ ಈ ಸತ್ಯವನ್ನು ಒಪ್ಪಿಕೊಂಡ ಅಪರೂಪದ ಪ್ರಯತ್ನ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ ಐಟಿ ಫಾರ್ ಚೇಂಜ್ ಸಂಸ್ಥೆಯೂ ಜೊತೆಗೂಡಿ 2013ರಲ್ಲಿ ಇದನ್ನು ಆರಂಭಿಸಿದವು. ಸರಕಾರಿ ಪ್ರೌಢಶಾಲೆಗಳ ಶಿಕ್ಷಕರೇ ಪಾಠ, ಚಟುವಟಿಕೆಗಳನ್ನು ಸಿದ್ಧಪಡಿಸಿ ಹಂಚಿಕೊಂಡರು. ಯಾರು ಬೇಕಾದರೂ ಅವನ್ನು ಪಡೆದು, ತಿದ್ದಿ, ಅನುವಾದಿಸಿ ಮರಳಿ ಹಂಚಬಹುದು.

ಇದರ ಗುಣವನ್ನು ನಾವು ಮೊದಲು ಹೇಳಬೇಕು. ತ್ರಿಭುಜದ ಕೋನಗಳ ಮೊತ್ತ 180 ಡಿಗ್ರಿ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಜಿಯೋಜೀಬ್ರಾ ತಂತ್ರಾಂಶದಲ್ಲಿ ತ್ರಿಭುಜದ ಒಂದು ಮೂಲೆಯನ್ನು ಎಳೆದರೆ ಮೂರೂ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ ಬದಲಾಗದು. ಶಿಕ್ಷಕ ಸ್ವತಃ ರಚಿಸಿದ ಇಂಥ ಚಿತ್ರ ಮಗುವಿನಲ್ಲಿ ಪ್ರಶ್ನೆ ಹುಟ್ಟಿಸುತ್ತದೆ.

ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ನಿಂತು ನೋಡಿದಾಗ ಕೊರತೆ ಎದ್ದು ಕಾಣುತ್ತದೆ. ಇಲ್ಲಿ ಕನ್ನಡದ ಜೊತೆ ಮರಾಠಿ, ಉರ್ದು ಮಾಧ್ಯಮದ ಶಾಲೆಗಳೂ ಇವೆ. ಭಂಡಾರದ ಭಾಷೆಯಾದರೋ ಮುಖ್ಯವಾಗಿ ಕನ್ನಡ ಮತ್ತು ಇಂಗ್ಲಿಷ್. ನಿಪ್ಪಾಣಿಯ ಬೀಡಿ ಕಟ್ಟುವ ತಾಯಿಯ ಮಗಳು ಉರ್ದು ಶಾಲೆಯಲ್ಲಿ ಓದುತ್ತಿದ್ದರೆ ಈ ‘ಮುಕ್ತ’ ಸಂಪನ್ಮೂಲ ಅವಳಿಗೆ ಎಷ್ಟು ಮುಕ್ತ? ಅನುವಾದಕ್ಕೆ ಅನುಮತಿ ಇದೆ ಎಂದರೆ ಸಾಲದು. ಅನುವಾದಿಸುವ ಶಿಕ್ಷಕರಿಗೆ ಸಮಯ ಸಿಗಬೇಕು, ಆ ದುಡಿಮೆ ಕರ್ತವ್ಯವೆಂದು ಗಣನೆಗೆ ಬರಬೇಕು.

ಇನ್ನೊಂದು ಮಾತು. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಪಾಠಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದವು. ಕಷ್ಟಕಾಲದಲ್ಲಿ ಅದು ಉಪಕಾರವೇ. ಆದರೆ ಹೀಗೆ ಕೈಯಿಂದ ಕೈಗೆ ದಾಟುವ ಪಿಡಿಎಫ್‌ನಲ್ಲಿ ತಪ್ಪೊಂದು ನುಸುಳಿದರೆ ಅದನ್ನು ತಿದ್ದುವವರು ಯಾರು? ಒಬ್ಬರು ತಿದ್ದಿದರೂ ಹಳೆಯ ಪ್ರತಿ ಹರಿದಾಡುತ್ತಲೇ ಇರುತ್ತದೆ. ಮುಕ್ತ ಭಂಡಾರದಲ್ಲಿ ಪುಟ ಒಂದೇ. ಯಾರು ಏನು ತಿದ್ದಿದರೆಂಬ ದಾಖಲೆಯೂ ಅಲ್ಲಿ ಉಳಿಯುತ್ತದೆ. ಬರೇ ಹಂಚಿಕೆಗೂ ಹೊಣೆಯರಿತ ಹಂಚಿಕೆಗೂ ಇರುವ ವ್ಯತ್ಯಾಸ ಇದು.

2019ರಲ್ಲಿ ಕೃಷ್ಣೆಯ ಪ್ರವಾಹ ಈ ಭಾಗದ ನದಿ ತೀರದ ಊರುಗಳನ್ನು ಮುಳುಗಿಸಿತು. ಆ ನೀರನ್ನು ಕಂಡ ಶಿಕ್ಷಕರಿಗಿಂತ ಚೆನ್ನಾಗಿ ಪ್ರವಾಹದ ಪಾಠ ಬರೆಯಬಲ್ಲವರು ಯಾರಿದ್ದಾರೆ? ಕನ್ನಡ, ಮರಾಠಿ, ಉರ್ದು ಶಾಲೆಗಳ ಶಿಕ್ಷಕರು ಒಂದೆಡೆ ಕೂತು ಆ ಒಂದು ಪಾಠವನ್ನು ಮೂರು ಭಾಷೆಗಳಲ್ಲಿ ಸಿದ್ಧಪಡಿಸಲಿ. ಇಲಾಖೆ ಅವರಿಗೆ ಅದಕ್ಕೆ ಬೇಕಾದ ದಿನಗಳನ್ನು ಕೊಡಲಿ.